ಹಂಗೇರಿ ಬಾಸಿಂಗದ ಬೆನ್ನು

ಬಾಸಿಂಗವನ್ನು ತಿರುಗಿಸಿ ನೋಡಿದವರು ಕಡಿಮೆ. ಮುಂದುಗಡೆ ಬೇಗಡೆ, ಮಣಿ, ಬೆಂಡಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗು ಎಲ್ಲ ಮಿರಮಿರ ಮಿಂಚುತ್ತಿರುತ್ತವೆ. ತಿರುಗಿಸಿದರೆ ಹಳೆಯ ಕಾಗದ, ಬಿದಿರು ಕಡ್ಡಿ, ಒಣಗಿದ ಅಂಟಿನ ಕಲೆ. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಮೂರು ತಲೆಮಾರು ಬಾಸಿಂಗ ಕಟ್ಟಿದ್ದರೂ ಅದರ ಬೆನ್ನಿನ ಬಗ್ಗೆ ಯಾರೂ ಒಂದು ಗಳಿಗೆ ಯೋಚಿಸಿದವರಲ್ಲ. ಯೋಚಿಸುವ ಹಾಗಾದದ್ದು ನಾನು ಆ ಮನೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೈಲಕುಪ್ಪೆಯ ದವಾಖಾನೆಯ ದಾದಿಯೊಬ್ಬರು ಒಂದು ಬೆಳಿಗ್ಗೆ ಜೀಪಿನಲ್ಲಿ ನಮ್ಮ ಬಾಗಿಲಿಗೆ ಬಂದರು.

ಬಿಳಿಯ ಸೀರೆ, ಬಿಳಿಯ ಮುಖ, ನಲವತ್ತರ ಹತ್ತಿರದ ವಯಸ್ಸು. ಜೊತೆಗೆ ಅದೇ ದವಾಖಾನೆಯ ಆಯಾ, ಬೈಲಕುಪ್ಪೆಯ ಪಕ್ಕದ ಕೊಪ್ಪದವಳು. ಅವಳ ಮಗಳ ಮದುವೆಗೆ ಹಿಂದಿನ ತಿಂಗಳು ನಾವೇ ಬಾಸಿಂಗ ಕಟ್ಟಿಕೊಟ್ಟಿದ್ದೆವು.

"ದೊಡ್ಡವ್ವಾ, ಇವ್ರೇ ಕಣವ್ವ ನಮ್ ಸಿಸ್ಟರಮ್ಮ. ನೀನ್ ಕಟ್ಟಿದ್ ಬಾಸಿಂಗ ನೋಡಿ ಮದ್ವೆ ಮನೇಲಿ ಊಟಾನೇ ಮರ್ತ್‌ಬುಟ್ರು" ಎಂದಳು ಆಯಾ, ನನ್ನ ಅತ್ತೆಗೆ.

"ಊಟ ಮರೀನಿಲ್ಲ. ಪಾಯ್ಸ ಎರಡ್ ಸಲ ಈಸ್ಕಂಡೆ" ಎಂದರು ಸಿಸ್ಟರಮ್ಮ.

ಅತ್ತೆ ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದರು. ಆ ತಾಯಿ ಕನ್ನಡ ಕಲಿತದ್ದು ಈ ಆಯಾಳ ಬಾಯಿಂದಲೇ ಅಂತೆ. ಹಾಗಾಗಿ ಹೂವಿಗೆ ಊವ ಎನ್ನುತ್ತಿದ್ದರು, ಹಳ್ಳಿಗೆ ಅಳ್ಳಿ. ಕಣ್ಣು ಮುಚ್ಚಿಕೊಂಡು ಕೇಳಿದರೆ ಪಿರಿಯಾಪಟ್ಟಣದ ಸಂತೆಯಲ್ಲಿ ಅವರೆಕಾಯಿ ಮಾರುವವರ ಮಾತು.

ಅವರಿಗೆ ಮದುವೆ ಗೊತ್ತಾಗಿತ್ತು. ಗಂಡು ಅದೇ ದವಾಖಾನೆಯ ಮಲೆಯಾಳದ ಕಡೆಯ ಡಾಕ್ಟರು. ಹುಣಸೂರಿನ ಚರ್ಚಿನಲ್ಲಿ, ಮೂರು ವಾರ ಕಳೆದು ಬರುವ ಭಾನುವಾರ. ಅವರು ಹುಟ್ಟಿದ್ದು ಹಂಗೇರಿ ಎಂಬ ದೇಶದಲ್ಲಿ. ಅಲ್ಲಿ ಅವರ ಕಡೆ ಮದುವಣಗಿತ್ತಿ ತಲೆಗೆ ಹೂವಿನ ಕಿರೀಟ ಇಟ್ಟುಕೊಳ್ಳಬೇಕು. ಅವರ ಅಜ್ಜಿ ಇಟ್ಟುಕೊಂಡದ್ದನ್ನೇ ಅವರಮ್ಮ ಇಟ್ಟುಕೊಂಡಿದ್ದರಂತೆ, ಅದು ಇವರಿಗೆ ಬರಬೇಕಾಗಿತ್ತು. ದೇಶದಲ್ಲಿ ಗಲಾಟೆ ಎದ್ದ ವರ್ಷ ಚಳಿಯಲ್ಲಿ ನಡೆದು ಗಡಿ ದಾಟುವಾಗ ಪೆಟ್ಟಿಗೆ ಅಲ್ಲೇ ಉಳಿಯಿತು, ಅಮ್ಮನೂ ಅಲ್ಲೇ ಉಳಿದರು. ಕೈಗೆ ಬಂದದ್ದು ಅಮ್ಮ ಲಂಗದ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಮಡಿಲ ಬಟ್ಟೆಯ ಒಂದು ತುಂಡು. ಅದನ್ನು ಚೀಲದಿಂದ ತೆಗೆದು ಅತ್ತೆಯ ಮುಂದೆ ಹಾಸಿದರು.

ಅಂಗೈ ಎರಡರಷ್ಟು ಕರಿಯ ಬಟ್ಟೆ. ಅದರ ಮೇಲೆ ದಾರದಲ್ಲಿ ತುಂಬಿದ ಕೆಂಪು ಗುಲಾಬಿ, ಒಂದರೊಳಗೊಂದು ಸುತ್ತು, ಸುತ್ತಿಗೊಂದು ಬಣ್ಣ. ನಡುವೆ ಹಳದಿ, ಅಂಚಿಗೆ ನೀಲಿ. ಪಕ್ಕದಲ್ಲಿ ಗಂಟೆಯಂಥ ಮೊಗ್ಗು, ಹಸಿರು ಎಲೆ. ಬೆರಳು ಊರಲೂ ಜಾಗ ಬಿಡದಷ್ಟು ಹೂವು.

"ಇಂಗೇ ಇತ್ತು ನಮ್ಮವ್ವನ್ ಕಿರೀಟ. ಕರೀ ಪಟ್ಟಿ, ಮ್ಯಾಲೆ ಈ ಊವ. ಮಾಡ್ಕೊಡ್ತೀರಾ?"

ಅತ್ತೆ ಹೂವನ್ನು ಸವರಿ ಸವರಿ ನೋಡಿದರು. ಕೊನೆಗೆ ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಊವ ಮಾಡ್ಬೋದು. ಕರೀದ್ ಮಾತ್ರ ಆಗಕಿಲ್ಲ ಕಣವ್ವ. ಮದ್ವೆ ಎಣ್ಣಿನ್ ಅಣೆ ಮ್ಯಾಲೆ ಕರೀದ್ ಕಟ್ಟಿ ನಾನ್ ಯಾವ್ ನರಕುಕ್ಕೋಗ್ಲಿ?"

ಅತ್ತೆಗೆ ಕರಿಯ ಬಣ್ಣ ಎಂದರೆ ಆಗುತ್ತಿರಲಿಲ್ಲ. ನನ್ನಕ್ಕ ಕೊಟ್ಟಿದ್ದ ಕರಿಯ ಮಕಮಲ್ಲಿನ ರವಿಕೆಯೊಂದನ್ನು ನಾನು ಹಾಕಿಕೊಂಡಿದ್ದು ಒಂದೇ ಸಲ. "ಇದೇನಮ್ಮಿ, ಮಸಿ ಅರಿವೆ ಸುತ್ಕಂಡಂಗೆ" ಎಂದಿದ್ದರು. ಅಂದಿನಿಂದ ಅದು ಟ್ರಂಕಿನ ತಳದಲ್ಲಿ, ಹುಳ ಹಿಡಿಯದಿರಲೆಂದು ಇಟ್ಟ ಹೊಗೆಸೊಪ್ಪಿನ ನಡುವೆ ಮಲಗಿತ್ತು.

ಸಿಸ್ಟರಮ್ಮ ವಾದಕ್ಕೆ ನಿಲ್ಲಲಿಲ್ಲ. ಕರಿಯ ಬಟ್ಟೆ ಏಕೆ ಎಂಬುದಕ್ಕೆ ಒಂದು ಕತೆ ಹೇಳಿದರು. ಅವರ ಸೀಮೆಯಲ್ಲಿ ಮದುವೆ ಗೊತ್ತಾದ ಹುಡುಗನನ್ನು ದೆವ್ವವೊಂದು ಹೊತ್ತುಕೊಂಡು ಹೋಯಿತಂತೆ. ಹುಡುಗಿ ಅತ್ತು ಕರೆದು ಬೇಡಿದಳು. ಬೇಸಿಗೆಯ ಹೂವನ್ನೆಲ್ಲ ಮಡಿಲು ತುಂಬ ತಾ, ಬಿಡುತ್ತೇನೆ ಎಂದಿತು ದೆವ್ವ. ಆಗ ಕಡು ಚಳಿಗಾಲ, ಹುಲ್ಲುಕಡ್ಡಿಯೂ ಇಲ್ಲ. ಹುಡುಗಿ ಕೂತು ತನ್ನ ಮಡಿಲ ಬಟ್ಟೆಯ ಮೇಲೆಯೇ ಹೂವನ್ನೆಲ್ಲ ದಾರದಲ್ಲಿ ಹೊಲಿದು, ಅದನ್ನೇ ಕಟ್ಟಿಕೊಂಡು ಹೋಗಿ ನಿಂತಳು. ಹುಡುಗ ಮನೆಗೆ ಬಂದ.

ಅತ್ತೆ ಕೈಯಲ್ಲಿದ್ದ ಎಲೆ ಅಡಿಕೆ ಮರೆತು ಕೇಳುತ್ತಿದ್ದರು. "ಅಲ್ಲಾ ಕಣವ್ವ, ಆ ದೆವ್ವುಕ್ಕೆ ಅದು ದಾರುದ್ ಊವ ಅನ್ನೋದು ಗೊತ್ತಾಗ್ನಿಲ್ವಾ?"

"ಗೊತ್ತಾಯ್ತು. ಅದ್ಕೇ ಬುಟ್ಬುಡ್ತು" ಎಂದರು ಸಿಸ್ಟರಮ್ಮ.

ಅತ್ತೆ ಬಾಯಿ ತುಂಬ ನಕ್ಕರು. ಕೆಲಸ ಒಪ್ಪಿಕೊಂಡದ್ದು ಆ ನಗುವಿನಲ್ಲೇ. ಕರಿಯದರ ಬದಲು ಕುಂಕುಮದ ಬಣ್ಣದ ಪಟ್ಟಿ ಎಂದು ತೀರ್ಮಾನವಾಯಿತು. ಸಿಸ್ಟರಮ್ಮ ಸರಿ ಎಂದರು. ಎಂದಾಗ ಆ ಕರಿಯ ತುಂಡನ್ನು ಮಡಿಸಿ ಮತ್ತೆ ಮಡಿಸಿದ್ದನ್ನು ನಾನು ನೋಡಿದೆ.

ಅತ್ತೆ ಅರಿಶಿನದ ದಾರ ಹಿಡಿದು ಅಳತೆ ತೆಗೆದರು. ಈ ಕಿವಿಯಿಂದ ಹಣೆಯ ಮೇಲೆ ಹಾಯಿಸಿ ಆ ಕಿವಿಗೆ. ಅಲ್ಲೊಂದು ಗಂಟು. ಅಷ್ಟೇ. ನಮ್ಮ ಅಳತೆ ಯಾವತ್ತೂ ಅಷ್ಟೇ.

ಕೆಲಸ ಶುರುವಾಯಿತು. ಬೆಂಡು ಕೆರೆಯಂಚಿನ ನೀರಿನಲ್ಲಿ ಬೆಳೆಯುವ ಗಿಡ. ಕಾಂಡವನ್ನು ಒಣಗಿಸಿ ಸಿಪ್ಪೆ ಹೆರೆದರೆ ಒಳಗೆ ಬೆಣ್ಣೆಯಂಥ ಬಿಳುಪು. ಅದನ್ನು ಉರುಳಿಸುತ್ತ ಚಪ್ಪಟೆ ಚೂರಿಯಲ್ಲಿ ಸುತ್ತಲೂ ಸುಲಿಯುತ್ತ ಹೋದರೆ ಕಾಗದದ ಹಾಗೆ ಹಾಳೆ ಬಿಚ್ಚಿಕೊಳ್ಳುತ್ತದೆ. ಕೈ ನಡುಗಿದರೆ ಹರಿಯಿತು. ಮೂರು ವರ್ಷದಲ್ಲಿ ಅತ್ತೆ ನನಗೆ ಕೊಟ್ಟಿದ್ದ ಕೆಲಸ ಎಲೆ ಕತ್ತರಿಸುವುದು, ಹುಣಸೆಬೀಜದ ಅಂಟು ಕಾಯಿಸುವುದು, ಹುಳ ಬೀಳದ ಹಾಗೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದು, ಇಷ್ಟೇ. ನಡುವಿನ ಹೂವು ಅವರದೇ. ಈ ಸಲ ಎರಡು ದಿನ ಆ ಗುಲಾಬಿಯ ಜೊತೆ ಗುದ್ದಾಡಿ ಚೂರಿ ಕೆಳಗಿಟ್ಟರು.

"ಮಲ್ಗೆ ಮೊಗ್ಗು ಮಾಡ್ದ ಕೈ ಕಣಮ್ಮಿ ಇದು. ಈ ಎಲೆಕೋಸ್ ನಂಗೆ ಬರಾಕಿಲ್ಲ. ನೀನೇ ನೋಡು."

ನಾನು ನೋಡಿದೆ. ಒಂದೊಂದು ಸುತ್ತಿಗೂ ಆರರಂತೆ ಎಸಳು, ಅಂಗೈಯಲ್ಲಿಟ್ಟು ಹೆಬ್ಬೆರಳಲ್ಲಿ ಅದುಮಿ ಬಟ್ಟಲ ಹಾಗೆ ಬಗ್ಗಿಸಿ, ಒಳಗಿನಿಂದ ಹೊರಕ್ಕೆ ಅಂಟಿಸಿದೆ. ಆಕಾರ ಬಂತು. ಬಣ್ಣ ಕೈಕೊಟ್ಟಿತು. ಬಣ್ಣದ ನೀರಿಗೆ ಅದ್ದಿದ ಕೂಡಲೇ ಬೆಂಡು ಕುಡಿದು ಕುಡಿದು ಉಬ್ಬಿ, ಒಣಗಿದಾಗ ಎಸಳೆಲ್ಲ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತು. ಕೆಂಪು ಹರಿದು ಹಳದಿಯ ಮೇಲೆ ಹೋಯಿತು. ಒಂದು ಮೊರ ತುಂಬ ಹೂವು ಒಲೆಗೆ. ಬೆಂಡಿನ ಕಟ್ಟಿನಲ್ಲಿ ಮುಕ್ಕಾಲು ಹಾಗೇ ಹೋಯಿತು. ಕೊನೆಗೆ ಬಣ್ಣವನ್ನು ಅನ್ನದ ಗಂಜಿಯ ತಿಳಿಯಲ್ಲಿ ಕಲಸಿ, ಎಸಳನ್ನು ಅದ್ದದೆ, ಹತ್ತಿಯಲ್ಲಿ ಒಂದೊಂದಕ್ಕೂ ಸವರಿ ನೆರಳಲ್ಲಿ ಒಣಗಿಸಿದೆ. ಗಂಜಿ ಬಣ್ಣವನ್ನು ಹಿಡಿದು ನಿಲ್ಲಿಸಿತು, ಎಸಳಿಗೆ ತೆಳ್ಳನೆಯ ಹೊಳಪೂ ಬಂತು. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಊಂ" ಎಂದರು. ಅವರ ಬಾಯಲ್ಲಿ ಊಂ ಎಂದರೆ ಬೇರೆಯವರ ಬಾಯಲ್ಲಿ ಹಾರ ತುರಾಯಿ.

ಒಂದು ಕಷ್ಟವಿತ್ತು. ಬಾಸಿಂಗವನ್ನು ಮುಹೂರ್ತಕ್ಕೆ ಮೊದಲು ಯಾರ ಹಣೆಗೂ ಹಿಡಿದು ನೋಡುವಂತಿಲ್ಲ. ಮದುಮಗಳಿಗಂತೂ ತನ್ನ ಬಾಸಿಂಗವನ್ನು ಮುಟ್ಟುವುದಕ್ಕೂ ಬಿಡುವುದಿಲ್ಲ. ಮಾಮೂಲಿ ಬಾಸಿಂಗಕ್ಕೆ ಅದು ತೊಡಕೇ ಅಲ್ಲ, ದಾರ ಎಳೆದು ಕಟ್ಟಿದರೆ ಯಾವ ಹಣೆಗೂ ಕೂರುತ್ತದೆ. ಇದು ಒಂದು ಗೇಣು ಎತ್ತರದ್ದು, ಮೂರು ಗುಲಾಬಿಯ ಭಾರ. ಹಾಗಾಗಿ ಅತ್ತೆ ಹಿತ್ತಲಿಂದ ಆ ಅಳತೆಯ ಸಿಹಿಗುಂಬಳ ಒಂದನ್ನು ಹುಡುಕಿ ತಂದರು. ಬಿದಿರು ಕಡ್ಡಿ ಬಗ್ಗಿಸಿದ್ದು, ಬಟ್ಟೆ ಕಾಗದ ಪದರ ಪದರ ಮೆತ್ತಿದ್ದು, ಹೂವು ಕೂರಿಸಿದ್ದು ಎಲ್ಲ ಆ ಕುಂಬಳದ ಹಣೆಗೆ. ನಡುವೆ ಒಂದು ದಿನ ಬಂದ ಆಯಾ ಅದಕ್ಕೆ ಇದ್ದಿಲಲ್ಲಿ ಕಣ್ಣು ಮೂಗು ಬರೆದು, "ಸಿಸ್ಟರಮ್ಮುನ್ ತಂಗಿ" ಎಂದು ಹೆಸರಿಟ್ಟು ಹೋದಳು. ತಂಗಿ ಮೂಗು ಸ್ವಲ್ಪ ದಪ್ಪ.

ಮದುವೆಗೆ ಮೂರು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಸಿಸ್ಟರಮ್ಮ ಜೀಪು ತಂದರು. ಕುಂಬಳದ ಮೇಲಿದ್ದ ಕಿರೀಟ ನೋಡಿ ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದುಕೊಂಡರು. ಮುಟ್ಟಬಾರದು ಎಂಬುದು ಅವರಿಗೆ ಗೊತ್ತಿತ್ತು. ಕುಂಬಳದ ಸುತ್ತ ಒಂದು ಸುತ್ತು ಬಂದರು. ಹಿಂದುಗಡೆ ಹೋಗಿ ನಿಂತರು. ಅಲ್ಲಿ ಒಂದು ಲಾಡಿ, ಬರೀ ಕುಂಬಳಕಾಯಿ. ಮತ್ತೆ ಮುಂದಕ್ಕೆ ಬಂದು, "ಬಾಳ ಚಂದಾಗೈತೆ" ಎಂದರು.

ಆ ಚಂದ ಎಲ್ಲೋ ತುಂಡಾಗಿತ್ತು. ಅವರ ಹಿಂದೆಯೇ ಅಂಗಳಕ್ಕೆ ಹೋಗಿ ಜೀಪಿನ ಪಕ್ಕ ನಿಲ್ಲಿಸಿ ಕೇಳಿದೆ. "ಏನೋ ಕಮ್ಮಿ ಐತೆ ಸಿಸ್ಟರಮ್ಮ. ಯೋಳಿ."

ಅವರು ಹೇಳಲು ಒಲ್ಲರು. ಕೊನೆಗೆ ಜೀಪಿನ ಬಾನೆಟ್ಟಿಗೆ ಮುಖ ಮಾಡಿ, ನನಗೆ ಬೆನ್ನು ತಿರುಗಿಸಿ ನಿಂತುಬಿಟ್ಟರು. "ಚರ್ಚಲ್ಲಿ ನಾನು ಇಂಗ್ ನಿಂತ್ಕತೀನಿ. ಪೂರ್ತಿ. ಜನ ಎಲ್ಲಾ ಇಂದೆ."

ನನಗೆ ಆಗ ಹೊಳೆಯಿತು. ನಮ್ಮ ಮದುಮಗಳು ಹಸೆಮಣೆಯ ಮೇಲೆ ಜನಕ್ಕೆ ಮುಖ ಕೊಟ್ಟು ಕೂರುತ್ತಾಳೆ, ಬಾಸಿಂಗ ಇರುವುದೇ ಆ ಮುಖಕ್ಕೆ. ಇವರು ದೇವರಿಗೆ ಮುಖ, ಜನಕ್ಕೆ ಬೆನ್ನು. ಅವರಮ್ಮನ ಕಿರೀಟ ತಲೆಯ ಸುತ್ತಲೂ ಇತ್ತಂತೆ, ಹಿಂದಿನಿಂದ ಬಣ್ಣದ ಪಟ್ಟಿಗಳು ಇಳಿಬಿದ್ದಿದ್ದವಂತೆ. ಚಿಕ್ಕವರಿದ್ದಾಗ ಊರಿನ ಮದುವೆಗಳಲ್ಲಿ ಹಿಂದಿನ ಬೆಂಚಿನಿಂದ ಅವರು ನೋಡುತ್ತಿದ್ದದ್ದೇ ಅದನ್ನು. ನಾವು ಮಾಡಿದ್ದು ಪಾದ್ರಿಯೊಬ್ಬರಿಗೇ ಕಾಣುವ ಕಿರೀಟ.

"ಯಾಕ್ ಯೋಳ್ನಿಲ್ಲ ಮೊದ್ಲೇ?"

"ಕಿರೀಟಕ್ಕೆ ಇಂದ್ಗಡೆ ಇರಕಿಲ್ಲ ಅಂತ ನಂಗೆಂಗ್ ಗೊತ್ತು?"

ಅದೂ ಸರಿಯೇ. ಒಳಗೆ ಬಂದು ಅತ್ತೆಗೆ ಹೇಳಿದೆ. ಅವರು ಕುಂಬಳವನ್ನು ತಿರುಗಿಸಿ ಅದರ ಬೋಳು ಬೆನ್ನನ್ನು ನೋಡುತ್ತಾ ಕೂತರು. "ಅರವತ್ ವರ್ಸ ಆಯ್ತು ನಂಗೆ. ಯಾರೂ ಇಂದ್ಗಡೆ ಕೇಳಿರ್ನಿಲ್ಲ."

ಬೆಂಡು ಉಳಿದದ್ದು ಎರಡು ಕಡ್ಡಿ, ಅದೂ ಹಳದಿ ತಿರುಗಿದ್ದು. ಕೆರೆಯಿಂದ ತಂದರೂ ಒಣಗಲು ಎಂಟು ದಿನ ಬೇಕು. ಮುಂದಿನ ಹೂವನ್ನು ಬಿಚ್ಚಿ ಅರ್ಧ ಹಿಂದಕ್ಕೆ ಹಾಕಿದರೆ ಎರಡೂ ಕಡೆ ಹಲ್ಲು ಬಿದ್ದ ಬಾಯಿಯ ಹಾಗೆ ಆಗುತ್ತಿತ್ತು. ಹೂವಿಲ್ಲ, ಕಾಲವೂ ಇಲ್ಲ. ಹಾಗೆ ಅಂದುಕೊಳ್ಳುತ್ತಿದ್ದಂತೆ ಆ ಚಳಿಗಾಲದ ಹುಡುಗಿ ನೆನಪಾದಳು. ಅವಳಿಗೂ ಹೂವಿರಲಿಲ್ಲವಲ್ಲ.

ಎದ್ದು ಟ್ರಂಕು ತೆಗೆದೆ. ತಳದಿಂದ ಕರಿಯ ಮಕಮಲ್ಲಿನ ರವಿಕೆ ತಂದು ಅತ್ತೆಯ ಮುಂದೆ ಹಿಡಿದೆ.

"ಇದ್ರು ಬೆನ್ನು ಕುಯ್ದು ಪಟ್ಟಿ ಮಾಡ್ತೀನಿ ಅತ್ತೆ. ಮ್ಯಾಲೆ ದಾರ್ದಲ್ಲಿ ಊವ ತುಂಬ್ತೀನಿ."

"ಕರೀದಾ? ಮತ್ತೆ ಅದ್ಕೇ ಬಂದ್ಯಾ?"

"ಅಣೆಗಲ್ಲ ಅತ್ತೆ, ಇಂದಕ್ಕೆ. ಮಗೀಗೆ ದೃಷ್ಟಿಬೊಟ್ಟು ಇಡಕಿಲ್ವಾ ನೀವು? ಯಾವ್ ಬಣ್ದಲ್ಲಿ ಇಡ್ತೀರಿ? ಚರ್ಚ್ ತುಂಬ ಜನ ಅವ್ರ್ ಬೆನ್ನೇ ನೋಡ್ಕಂಡ್ ಕೂತಿರ್ತಾರೆ. ಅಷ್ಟ್ ಜನದ್ ಕಣ್ಣು ಬಿದ್ರೆ?"

ಹೇಳುವಾಗ ನನಗೇ ನಂಬಿಕೆಯಿರಲಿಲ್ಲ. ಅತ್ತೆ ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು. ಸವರಿದ್ದನ್ನೇ ಸವರಿದರು.

"ಅಂಗಂದ್ರೆ ಸರಿ. ದೃಷ್ಟಿಗೆ ಅಂದ್ರೆ ಸರಿ. ಅಷ್ಟ್ ದೊಡ್ ಬೊಟ್ಟು ಬೇಕಾ ಅಂತ."

"ಅಷ್ಟ್ ಜನ ಇರ್ತಾರೆ ಅತ್ತೆ."

"ಕುಯ್ಯಿ ಮತ್ತೆ. ನನ್ ಮಕಾ ಏನ್ ನೋಡ್ತೀಯೆ?"

ಆ ದಾರದ ಕೆಲಸ ನನಗೆ ಗೊತ್ತಿರಲಿಲ್ಲ, ಸಿಸ್ಟರಮ್ಮನೇ ತೋರಿಸಬೇಕು. ಹಾಗಾಗಿ ನಾನೇ ಜೀಪಿನಲ್ಲಿ ಬೈಲಕುಪ್ಪೆಗೆ ಹೊರಡುವುದೆಂದಾಯಿತು. ಕಿರೀಟ ಹೊತ್ತ ಕುಂಬಳವನ್ನು ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತೆ. ನೋಡಿದರೆ ಅತ್ತೆ ಸೀರೆ ಬದಲಿಸಿ, ಎಲೆ ಚೀಲ ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ.

"ನಾನೂ ಬತ್ತೀನಿ. ನಮ್ ಮನೆ ಬಾಸಿಂಗ ನಾನಿಲ್ದೆ ಎಲ್ಗೂ ಓಗಿಲ್ಲ."

ಕೆ.ಆರ್. ನಗರ ದಾಟುವವರೆಗೂ ಅವರು ಸೀಟಿನ ಕಂಬಿ ಬಿಡಲಿಲ್ಲ. ಹುಣಸೂರು ದಾಟಿದ ಮೇಲೆ ಡ್ರೈವರಿಗೆ "ವಸಿ ಜೋರಾಗ್ ಓಡ್ಸಪ್ಪ" ಎನ್ನತೊಡಗಿದರು.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತೆವು. ಸಿಸ್ಟರಮ್ಮನ ಬಳಿ ಕೆಂಪು ದಾರ ಒಂದು ಉಂಡೆ ಇತ್ತು, ಬೇರೆ ಬಣ್ಣ ಇರಲಿಲ್ಲ. ಆಯಾ ಎದ್ದು ಹೋಗಿ ಪಕ್ಕದ ಮನೆಯ ಟಿಬೆಟ್ಟಿನ ಮುದುಕಿಯನ್ನು ಕರೆತಂದಳು. ಆಕೆ ಮಗ್ಗದಲ್ಲಿ ಬಣ್ಣದ ಪಟ್ಟೆಯ ಮಡಿಲ ಬಟ್ಟೆ ನೇಯುವವಳು. ಕರಿಯ ತುಂಡಿನ ಗುಲಾಬಿಯನ್ನೂ ತನ್ನ ಸೊಂಟದ ಪಟ್ಟೆ ಬಟ್ಟೆಯನ್ನೂ ಎರಡೆರಡು ಸಲ ನೋಡಿ, ಎದ್ದು ಹೋಗಿ, ಉಣ್ಣೆ ದಾರದ ಬುಟ್ಟಿಯನ್ನೇ ಹೊತ್ತು ತಂದಳು. ನೀಲಿ, ಹಸಿರು, ಅರಿಶಿನ, ಎಲ್ಲ. ಜೊತೆಗೆ ಬೆಣ್ಣೆ ಉಪ್ಪು ಹಾಕಿದ ಟೀ. ಅತ್ತೆ ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ, "ಇದು ಟೀಯಾ ಅಮ್ಮಿ, ಸಾರಾ?" ಎಂದರು. ಮಾರನೆಯ ದಿನ ತಾವೇ ಲೋಟ ಮುಂದೆ ಹಿಡಿದರು. "ತಾಯಿ, ಆ ಸಾರು ವಸಿ ಉಯ್ಯಿ."

ಹೊಲಿಗೆ ಸುಲಭದ್ದಾಗಿರಲಿಲ್ಲ. ಗುಲಾಬಿಯ ಸುತ್ತನ್ನು ಸೀಮೆಸುಣ್ಣದ ಕಡ್ಡಿಯಲ್ಲಿ ಬರೆದುಕೊಂಡು, ಸೂಜಿಯನ್ನು ಅಂಚಿನಿಂದ ನಡುವಿಗೆ, ಮತ್ತೆ ಅಂಚಿಗೆ, ಎಳೆಯ ಪಕ್ಕ ಎಳೆ ಒತ್ತಾಗಿ ತುಂಬಬೇಕು. ಎಳೆದರೆ ಮಕಮಲ್ಲು ಸುಕ್ಕು, ಸಡಿಲ ಬಿಟ್ಟರೆ ಉಣ್ಣೆ ಜೋತು. ನನ್ನ ಮೊದಲ ಗುಲಾಬಿ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹೊತ್ತು ತಿಂದಿತು, ಸರಿ ಬರದೆ ಬಿಚ್ಚಿದೆ. ಶುಕ್ರವಾರ ಸಂಜೆಗೆ ಎರಡು ಹೂವು ಮುಗಿದಿದ್ದವು, ಐದು ಬೇಕಿತ್ತು. ಉಳಿದದ್ದು ಒಂದೇ ದಿನ. ಸಿಸ್ಟರಮ್ಮ ದೂರದ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತು, "ವಸಿ ಎಡಕ್ಕೆ, ವಸಿ ಮ್ಯಾಲೆ" ಎನ್ನುತ್ತಿದ್ದರು. ಮದುಮಗಳು ಮುಟ್ಟಬಾರದಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಆ ಪಟ್ಟಿಯನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇದ್ಯಾವ್ ಬಾಸಿಂಗ? ಬೆಂಡಿಲ್ಲ, ಬೇಗಡೆ ಇಲ್ಲ. ಇದು ನಮ್ಮಮ್ಮಿ ರವ್ಕೆ. ರವ್ಕೆ ಮುಟ್ಟುದ್ರೆ ಯಾವ್ ದೋಸಾನೂ ಇಲ್ಲ" ಎಂದು ಸಿಸ್ಟರಮ್ಮನ ಮಡಿಲಿಗೆ ಹಾಕಿ ಸೂಜಿ ಕೊಟ್ಟರು.

ಆ ತಾಯಿ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಮೇಲೆ ನೋಡಬೇಕಿತ್ತು ಅವರ ಕೈಯನ್ನು. ಚುಚ್ಚುಮದ್ದು ಕೊಟ್ಟು ಪಳಗಿದ ಕೈ ಎಂದುಕೊಂಡಿದ್ದೆ. ಅದಕ್ಕೂ ಮೊದಲೇ ಅಮ್ಮನ ಪಕ್ಕ ಕೂತು ಪಳಗಿದ ಕೈ ಅದು. ನಾನು ಈ ತುದಿಯಿಂದ, ಅವರು ಆ ತುದಿಯಿಂದ. ಮುದುಕಿ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು. ಯಾರ ಮಾತೂ ಯಾರಿಗೂ ಪೂರ್ತಿ ತಿಳಿಯದಿದ್ದರೂ ಆಯಾ ಯಾರನ್ನೂ ಸುಮ್ಮನಿರಲು ಬಿಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಐದನೆಯ ಗುಲಾಬಿಯಲ್ಲಿ ನನ್ನ ಸೂಜಿಗೆ ಅವರ ಸೂಜಿ ತಾಗಿತು.

ಪಟ್ಟಿಗೆ ಒಳಗೆ ಬಟ್ಟೆ ಕಾಗದದ ಪದರ ಕೊಟ್ಟು, ಅಂಚು ಮಡಿಸಿ, ಮುಂದಿನ ಬೆಂಡಿನ ಭಾಗಕ್ಕೆ ಎರಡೂ ಕಡೆ ಹೊಲಿದೆ. ಕೆಳಗೆ ಆರು ಬಣ್ಣದ ರಿಬ್ಬನ್ನು. ಅಲ್ಲಿಯವರೆಗೆ ಆ ಕಿರೀಟ ಗುಲಾಬಿಯ ಭಾರಕ್ಕೆ ಕುಂಬಳದ ಮೂಗಿನ ಮೇಲೆ ಬಾಗುತ್ತಿತ್ತು, ಲಾಡಿ ಬಿಗಿದರೂ ಬಾಗುತ್ತಿತ್ತು. ಹಿಂದೆ ಭಾರ ಬಿದ್ದದ್ದೇ ತಡ, ನೆಟ್ಟಗೆ ನಿಂತಿತು. ಅತ್ತೆ ಅದನ್ನು ಬೆರಳಲ್ಲಿ ತಟ್ಟಿ ನೋಡಿದರು. ಅಲುಗಲಿಲ್ಲ. ಅಂದರೆ ಅದಕ್ಕೂ ಬೆನ್ನು ಬೇಕಾಗಿಯೇ ಇತ್ತು, ನಮಗೆ ತಿಳಿದಿರಲಿಲ್ಲ.

ಭಾನುವಾರ ಹುಣಸೂರಿನ ಚರ್ಚಿನಲ್ಲಿ ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಕಿರೀಟ ಮುಡಿಸಿದ್ದು ಅತ್ತೆಯೇ, ಬಾಗಿಲಲ್ಲಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ಕುಂಬಳದ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸಿಸ್ಟರಮ್ಮ ನಡೆದು ಹೋಗಿ ದೇವರ ಮುಂದೆ ನಿಂತರು. ನಮ್ಮ ಕಡೆಗೆ ಬೆನ್ನು. ಬಿಳಿಯ ಸೀರೆ, ಅದರ ಮೇಲೆ ಇಳಿದ ರಿಬ್ಬನ್ನುಗಳು, ಅವುಗಳ ಮೇಲೆ ಕರಿಯ ಪಟ್ಟಿಯಲ್ಲಿ ಐದು ಕೆಂಪು ಗುಲಾಬಿ, ಕಿಟಕಿಯ ಬಿಸಿಲಲ್ಲಿ ಉರಿಯುವ ಹಾಗೆ. ನನ್ನ ರವಿಕೆ ಅಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ.

ಪಾದ್ರಿ ಮಾತು ಮುಗಿಸುವ ತನಕ ಅತ್ತೆ ಕಣ್ಣು ಕೀಳಲಿಲ್ಲ. ಆಮೇಲೆ ನನ್ನ ಕಡೆ ಬಾಗಿ, "ಕರೀದ್ರ ಮ್ಯಾಲೆ ಕೆಂಪು ಚಂದಾಗೇ ಕಾಣ್ತದೆ ಅಲ್ವಾ?" ಎಂದರು. ಮತ್ತೆ ನೆಟ್ಟಗೆ ಕೂತು, "ದೃಷ್ಟಿಗೇ ಬುಡು" ಎಂದು ಸೇರಿಸಿದರು.

ಹೊರಗೆ ಬಂದ ಮೇಲೆ ಅತ್ತೆಗೆ ಒಂದು ಚಿಂತೆ ಉಳಿದಿತ್ತು. ನಮ್ಮ ಬಾಸಿಂಗವನ್ನು ಮದುವೆಯಾದ ಮೇಲೆ ಕೆರೆಗೆ ಬಿಡುತ್ತಾರೆ. "ಇದ್ನ ಯಾವ್ ಕೆರೆಗ್ ಬುಡ್ತೀಯವ್ವ?" ಎಂದು ಮದುಮಗಳನ್ನೇ ಕೇಳಿದರು.

"ಬುಡಕಿಲ್ಲ. ಪೆಟ್ಟಿಗೇಲಿ ಇಡ್ತೀನಿ. ಈ ಸಲ ಪೆಟ್ಟಿಗೆ ಬುಟ್ ಎಲ್ಗೂ ಓಗಕಿಲ್ಲ" ಎಂದರು ಅವರು, ಅತ್ತೆಯ ಎರಡು ಕೈಯನ್ನೂ ಹಿಡಿದುಕೊಂಡು.

ಕುಂಬಳವನ್ನು ಊರಿಗೆ ವಾಪಸು ತಂದೆವು. ಅದನ್ನು ಹುಳಿಗೆ ಹಾಕಲು ನಾನು ಈಳಿಗೆ ಮಣೆ ತೆಗೆದರೆ ಅತ್ತೆ ಬಿಡಲಿಲ್ಲ. ಮದುವೆ ಮನೆಗೆ ಹೋಗಿ ಬಂದ ನಂಟರನ್ನು ಕುಯ್ಯುತ್ತಾರೇನೇ ಎಂದರು. ಅಟ್ಟದ ಮೇಲೆ ಇದ್ದಿಲ ಕಣ್ಣು ಬಿಟ್ಟುಕೊಂಡು ಅದು ಸುಗ್ಗಿಯವರೆಗೂ ಇತ್ತು.

ಅದಾದ ಮೇಲೆ ನಮ್ಮ ಮನೆಯ ಬಾಸಿಂಗದಲ್ಲಿ ಒಂದು ಬದಲಾವಣೆ ಬಂತು. ಕೆಲಸ ಮುಗಿದ ಮೇಲೆ ಅತ್ತೆ ಪ್ರತಿಯೊಂದನ್ನೂ ಕವುಚಿ ಹಾಕಿ, ಹಿಂದಿನ ಹಳೆಯ ಕಾಗದದ ನಡುವೆ ಮಸಿಯಲ್ಲಿ ಒಂದು ಬೊಟ್ಟು ಇಟ್ಟು, ಅದರ ಮೇಲೆ ಕಿರುಬೆರಳುಗುರಿನಷ್ಟು ಕೆಂಪು ಬೆಂಡಿನ ಹೂವು ಅಂಟಿಸುತ್ತಿದ್ದರು. ಎಚ್.ಡಿ. ಕೋಟೆ ಕಡೆಯ ಗಿರಾಕಿಯೊಬ್ಬ ಒಂದು ಸಲ ಅದನ್ನು ಪತ್ತೆಹಚ್ಚಿ ನಕ್ಕ.

"ಇದ್ಯಾಕವ್ವ ಇಂದ್ಗಡೆ ಊವ? ಯಾರ್ ನೋಡ್ತಾರೆ?"

"ನಿಂಗಲ್ಲ ಬುಡಪ್ಪ" ಎಂದರು ಅತ್ತೆ, ತಲೆ ಎತ್ತದೆ. "ಅದು ಇಂದೆ ಕೂತೋರ್ಗೆ."